ಆಪರೇಷನ್ ಮೈಸೂರಿನಲ್ಲಿ, ಆರೈಕೆ ಹೂಗ್ಯಂನಲ್ಲಿ

‘ಬೈಪಾಸ್ ಮಾಡಿಸಬೇಕಂತೆ’ ಎಂಬ ಸುದ್ದಿ ಹೂಗ್ಯಂ, ಮೀಣ್ಯಂ, ಮಾರ್ಟಳ್ಳಿ ಕಡೆಯ ಮನೆಯೊಂದಕ್ಕೆ ಬಂತೆಂದರೆ ಅದರ ಹಿಂದೆಯೇ ಎರಡು ಭಯಗಳು ಬರುತ್ತವೆ. ಎದೆ ಕುಯ್ಯುತ್ತಾರಲ್ಲ, ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂಬುದು ಮೊದಲನೆಯದು. ಲಕ್ಷಗಟ್ಟಲೆ ದುಡ್ಡು ಎಲ್ಲಿಂದ ತರುವುದು, ಹೊಲ ಮಾರಬೇಕೋ ಏನೋ ಎಂಬುದು ಎರಡನೆಯದು. ಈ ಎರಡಕ್ಕೂ ಇವತ್ತು ಧೈರ್ಯ ಕೊಡುವ ಉತ್ತರಗಳಿವೆ. ಸರಿಯಾದ ಉತ್ತರ ಸಿಗದೆ ಉಳಿದಿರುವುದು ಮೂರನೆಯ ಪ್ರಶ್ನೆಗೆ. ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದ ಆ ಹೃದಯವನ್ನು ಮುಂದಿನ ಹತ್ತು ಹದಿನೈದು ವರ್ಷ ನೋಡಿಕೊಳ್ಳುವವರು ಯಾರು? ತಮಿಳುನಾಡಿನ ಗಡಿಯ ಹತ್ತಿರ, ಮೈಸೂರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಊರಿನವರ ಪಾಲಿಗೆ ಬೈಪಾಸಿನ ಸೋಲು ಗೆಲುವು ತೀರ್ಮಾನವಾಗುವುದು ಈ ಪ್ರಶ್ನೆಯಲ್ಲಿಯೇ. ಅದನ್ನು ಅರ್ಥ ಮಾಡಿಕೊಳ್ಳಲು ಕಾಯಿಲೆಯಿಂದಲೇ ಶುರು ಮಾಡಬೇಕು.

ಮೈಗೆಲ್ಲ ರಕ್ತ ಕಳಿಸುವ ಹೃದಯವೂ ಒಂದು ಸ್ನಾಯು. ಅದಕ್ಕೂ ರಕ್ತ ಬೇಕು. ತನ್ನೊಳಗೆ ತುಂಬಿಕೊಂಡ ರಕ್ತವನ್ನೇ ಅದು ನೇರವಾಗಿ ಬಳಸಿಕೊಳ್ಳಲಾರದು. ಮಹಾಪಧಮನಿಯ ಬುಡದಿಂದ ಹೊರಟು ಹೃದಯದ ಮೈಮೇಲೆ ಹರಡಿಕೊಂಡ ರಕ್ತನಾಳಗಳು ಆ ಕೆಲಸ ಮಾಡುತ್ತವೆ. ಎಡಗಡೆಯಿಂದ ಹೊರಡುವ ಮುಖ್ಯ ನಾಳ ಎರಡಾಗಿ ಕವಲೊಡೆಯುತ್ತದೆ, ಬಲಗಡೆಯಿಂದ ಇನ್ನೊಂದು ಹೊರಡುತ್ತದೆ. ಹೀಗೆ ಮೂರು ದೊಡ್ಡ ನಾಳಗಳು. ಒಂದೊಂದರ ಅಗಲ ಮೂರು ನಾಲ್ಕು ಮಿಲಿಮೀಟರ್ ಅಷ್ಟೆ. ಇವುಗಳ ಒಳಗೋಡೆಯಲ್ಲಿ ಕೊಬ್ಬು, ಸುಣ್ಣದ ಅಂಶ ವರ್ಷಾನುಗಟ್ಟಲೆ ಸೇರುತ್ತ ಹೋಗಿ ದಾರಿ ಕಿರಿದಾಗುತ್ತದೆ. ಸುಮ್ಮನೆ ಕೂತಾಗ ಏನೂ ಅನ್ನಿಸುವುದಿಲ್ಲ. ಗುಡ್ಡ ಹತ್ತಿದಾಗ, ಹುಲ್ಲಿನ ಹೊರೆ ಹೊತ್ತಾಗ, ಬಿರಬಿರನೆ ನಡೆದಾಗ ಎದೆಯ ನಡುವೆ ಕಲ್ಲು ಹೇರಿದಂತೆ ಭಾರವಾಗುತ್ತದೆ. ನೋವು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುತ್ತದೆ. ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುತ್ತದೆ. ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮರೆತುಬಿಡುವುದು ಇದನ್ನೇ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ಸುಸ್ತಿನ ರೂಪದಲ್ಲೂ ಇದು ಬರಬಹುದು.

ನಮ್ಮ ಜನಕ್ಕೆ ಈ ಕಾಯಿಲೆ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಬೇರೆ ದೇಶಗಳವರಿಗೆ ಸುಮಾರು 59. ತಂಬಾಕು, ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೊಟ್ಟೆಯ ಬೊಜ್ಜು ಮುಂತಾದ ಒಂಬತ್ತು ಕಾರಣಗಳೇ ಹೆಚ್ಚುಕಡಿಮೆ ಎಲ್ಲ ಹೃದಯಾಘಾತಗಳ ಹಿಂದೆ ಇವೆ ಎಂದೂ ಅದು ತೋರಿಸಿತು. 53 ಎಂದರೆ ಮನೆಯಲ್ಲಿ ದುಡಿಯುವ ಮುಖ್ಯ ಕೈಯೇ ಮಲಗುವ ವಯಸ್ಸು.

ಹೃದಯಾಘಾತಕ್ಕೂ ಬೈಪಾಸಿಗೂ ಇರುವ ಸಂಬಂಧದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಾರ್ಟ್ ಅಟ್ಯಾಕ್ ಆದ ಕೂಡಲೇ ಬೈಪಾಸ್ ಮಾಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ನಾಳದೊಳಗಿನ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಪೂರ್ತಿ ಮುಚ್ಚಿಕೊಂಡಾಗ ಹೃದಯಾಘಾತವಾಗುತ್ತದೆ. ಆಗ ಗಂಟೆಗಂಟೆಗೂ ಸ್ನಾಯು ಸಾಯುತ್ತಿರುತ್ತದೆ. ತಕ್ಷಣ ಬೇಕಾದದ್ದು ಹೆಪ್ಪು ಕರಗಿಸುವ ಇಂಜೆಕ್ಷನ್, ಇಲ್ಲವೇ ಬಲೂನು ಹಾಕಿ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ. ಬೈಪಾಸ್ ಬಹುತೇಕ ಸಂದರ್ಭಗಳಲ್ಲಿ ಯೋಚಿಸಿ, ದಿನ ಗೊತ್ತು ಮಾಡಿ ನಡೆಸುವ ಚಿಕಿತ್ಸೆ. ಆ ಚಿಕಿತ್ಸೆಯವರೆಗೆ ರೋಗಿ ಬದುಕಿ ಉಳಿಯಬೇಕಾದರೆ ಮೊದಲ ಇ.ಸಿ.ಜಿ. ಊರಿನ ಹತ್ತಿರದಲ್ಲೇ ಆಗಬೇಕು.

ಹೂಗ್ಯಂ, ಮೀಣ್ಯಂ, ಮಾರ್ಟಳ್ಳಿ ಇರುವ ಹನೂರು ತಾಲ್ಲೂಕಿನಲ್ಲಿ ಈ ಮಾತಿನ ತೂಕ ಬೇರೆ ಕಡೆಗಿಂತ ಹೆಚ್ಚು. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ, ಪಡಸಲನತ್ತದಂಥ ಊರುಗಳಿಂದ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದಾಗ ಅವರನ್ನು ಕಾಮಗೆರೆ, ಕೊಳ್ಳೇಗಾಲ ದಾಟಿಸಿ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಹದಿನೇಳು ಜೀವಗಳು ಹೋದವು. ಉಸಿರಿಗಾಗಿ ಒದ್ದಾಡುವವರನ್ನು ಕರೆದುಕೊಂಡು ಆ ರಸ್ತೆಯಲ್ಲಿ ಸಾಗುವುದು ಎಂದರೇನೆಂದು ಈ ಸೀಮೆಯ ಜನಕ್ಕೆ ಯಾರೂ ವಿವರಿಸಬೇಕಿಲ್ಲ.

ದೂರ ಮತ್ತು ಬಡತನ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮುಂದೆ ನಿಂತು ನಡೆಸಿದ ‘ಕ್ರಿಯೇಟ್’ ಅಧ್ಯಯನ ಸಾಕ್ಷಿ. 2008ರಲ್ಲಿ ಪ್ರಕಟವಾದ ಈ ಅಧ್ಯಯನ ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ಗಮನಿಸಿತು. ಒಂದು ತಿಂಗಳೊಳಗೆ ತೀರಿಹೋದವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಬಡವರಿಗೆ ಹೆಚ್ಚು ಸಾವು ಏಕೆ ಎಂದು ಲೆಕ್ಕ ಬಿಡಿಸಿದಾಗ ಸಿಕ್ಕ ಉತ್ತರ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಕೊಟ್ಟ ಚಿಕಿತ್ಸೆಗಳಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಸಾವಿನ ಅಂತರವೂ ಅಳಿಸಿಹೋಯಿತು. ಬಡವನ ಹೃದಯ ಹುಟ್ಟಿನಿಂದ ದುರ್ಬಲವಲ್ಲ. ಸಿಗಬೇಕಾದ ಔಷಧ ಅವನಿಗೆ ಸಿಗಲಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಆಘಾತ ನಮ್ಮೆಲ್ಲರ ನೆನಪಿನಲ್ಲಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆ ಈ ಅಂತರವನ್ನು ಕಡಿಮೆ ಮಾಡುವ ಒಳ್ಳೆಯ ಹೆಜ್ಜೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷದಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಅದರ ಫಲ ಅತಿ ಹೆಚ್ಚು. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆ ಸೇರಬೇಕು.

ಆ ಗಂಡಾಂತರ ದಾಟಿದ ಮೇಲೆ, ಅಥವಾ ಗಂಡಾಂತರಕ್ಕೆ ಮೊದಲೇ ಎದೆನೋವಿನ ಮೂಲ ಹುಡುಕಿಕೊಂಡು ಹೋದಾಗ, ಆಂಜಿಯೋಗ್ರಾಂ ಮಾಡುತ್ತಾರೆ. ಕೈ ಅಥವಾ ತೊಡೆಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಬಣ್ಣದ ದ್ರವ ಬಿಟ್ಟು ಎಲ್ಲೆಲ್ಲಿ ತಡೆ ಇದೆ ಎಂದು ನೋಡುತ್ತಾರೆ. ಇದು ಪರೀಕ್ಷೆ ಮಾತ್ರ, ಚಿಕಿತ್ಸೆಯಲ್ಲ. ಅದರ ನಂತರ ಮೂರು ದಾರಿಗಳಿವೆ: ಮಾತ್ರೆ, ಸ್ಟೆಂಟ್, ಬೈಪಾಸ್.

‘ಬ್ಲಾಕ್ ಇದೆ’ ಅಂದ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ನೋವು ಹತೋಟಿಯಲ್ಲಿರುವ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ, 2019ರಲ್ಲಿ ಫಲಿತಾಂಶ ಹೊರಬಂದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ, ಮೊದಲಿಗೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ ಒಳ್ಳೆಯ ಔಷಧದಿಂದ ಶುರು ಮಾಡಿದವರಿಗೂ ಕೆಲವು ವರ್ಷಗಳ ಅವಧಿಯಲ್ಲಿ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಮೊದಲ ಗುಂಪಿನವರಲ್ಲಿ ಚೆನ್ನಾಗಿ ತಗ್ಗಿತು. ಎಡಗಡೆಯ ಮುಖ್ಯ ನಾಳದಲ್ಲೇ ತಡೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಏಕೆಂದರೆ ಅವರಿಗೆ ಬೈಪಾಸಿನಿಂದ ಆಯುಸ್ಸು ಹೆಚ್ಚುತ್ತದೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಮೂರೂ ನಾಳಗಳಲ್ಲಿ ತಡೆಯಿದ್ದು ಹೃದಯದ ಪಂಪಿನ ಶಕ್ತಿ ಕುಗ್ಗಿದವರಿಗೂ ಬೈಪಾಸ್ ನೆರವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಹಲವು ನಾಳಗಳಲ್ಲಿ ತಡೆ ಇರುವವರಿಗೆ ಸ್ಟೆಂಟಿಗಿಂತ ಬೈಪಾಸೇ ಮೇಲು, ಸಾವೂ ಮತ್ತೊಂದು ಹೃದಯಾಘಾತವೂ ಕಡಿಮೆ ಎಂದು 2012ರ ‘ಫ್ರೀಡಂ’ ಅಧ್ಯಯನ ತೋರಿಸಿತು. ಅದೇ ಅಧ್ಯಯನದಲ್ಲಿ ಬೈಪಾಸ್ ಆದವರಿಗೆ ಪಾರ್ಶ್ವವಾಯುವಿನ ಅಪಾಯ ತುಸು ಹೆಚ್ಚಾಗಿಯೂ ಕಂಡಿತು. ಹಾಗಾಗಿ ಮನೆಯವರು ಸಂಕೋಚ ಬಿಟ್ಟು ವೈದ್ಯರನ್ನು ಕೇಳಬೇಕು: ಮಾತ್ರೆಯಲ್ಲೇ ನಿಭಾಯಿಸಬಹುದೇ, ಸ್ಟೆಂಟ್ ಸಾಕೇ, ಬೈಪಾಸ್ ಬೇಕೆಂದರೆ ಯಾವ ಕಾರಣಕ್ಕೆ? ಇದು ವೈದ್ಯರ ಮೇಲಿನ ಅನುಮಾನವಲ್ಲ, ತಿಳಿದುಕೊಂಡು ಸಹಿ ಹಾಕುವ ಕ್ರಮ.

ಆಪರೇಷನ್ನಿನಲ್ಲಿ ಮಾಡುವುದೇನು? ಕಾಲುವೆಯ ನಡುವೆ ಹೂಳು ತುಂಬಿದಾಗ ಮೇಲಿನಿಂದ ಹೊಸ ತೋಡು ತೆಗೆದು, ಹೂಳಿನ ಆಚೆಗೆ ನೀರು ಮುಟ್ಟಿಸುವ ಹಾಗೆ, ತಡೆಯಿರುವ ಜಾಗವನ್ನು ಬಿಟ್ಟು ಅದರಾಚೆಗೆ ರಕ್ತ ಹರಿಸುತ್ತಾರೆ. ತಡೆಯನ್ನು ಕೆರೆದು ತೆಗೆಯುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಹೊಸ ದಾರಿಗೆ ಬೇಕಾದ ನಾಳವನ್ನು ರೋಗಿಯ ಮೈಯಿಂದಲೇ ತೆಗೆದುಕೊಳ್ಳುತ್ತಾರೆ. ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಅಪಧಮನಿಯನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಹೊಲಿಯುತ್ತಾರೆ. ಉಳಿದವುಗಳಿಗೆ ಕಾಲಿನ ರಕ್ತನಾಳ, ಕೆಲವೊಮ್ಮೆ ಮುಂಗೈಯ ನಾಳ. ಕಾಲಿನಲ್ಲೂ ಉದ್ದದ ಗಾಯವಿರುವುದು ಇದಕ್ಕೆ. ಎದೆಯ ನಡುಮೂಳೆಯನ್ನು ಉದ್ದಕ್ಕೆ ಬಿಡಿಸಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಹೃದಯವನ್ನು ನಿಲ್ಲಿಸಿ, ಆ ಹೊತ್ತಿಗೆ ಯಂತ್ರದಿಂದ ರಕ್ತ ಹರಿಸುತ್ತ ಮಾಡುವ ವಿಧಾನವಿದೆ. ಹೃದಯ ಬಡಿಯುತ್ತಿರುವಾಗಲೇ ಹೊಲಿಯುವ ವಿಧಾನವೂ ಇದೆ. ಮೂರರಿಂದ ಐದು ಗಂಟೆಯ ಕೆಲಸ. ಒಂದೆರಡು ದಿನ ಐ.ಸಿ.ಯು., ಒಟ್ಟಿನಲ್ಲಿ ಸುಮಾರು ಒಂದು ವಾರ ಆಸ್ಪತ್ರೆ.

ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಮೊದಲೇ ದಿನ ಗೊತ್ತು ಮಾಡಿ, ನುರಿತ ಕಡೆ ಮಾಡಿದಾಗ ನೂರರಲ್ಲಿ ಒಬ್ಬಿಬ್ಬರಿಗೆ ಪ್ರಾಣಾಪಾಯ ಆಗಬಹುದು. ವಯಸ್ಸು, ಕಿಡ್ನಿ ತೊಂದರೆ, ಹೃದಯದ ದುರ್ಬಲತೆ ಸೇರಿದರೆ ಅದು ಏರುತ್ತದೆ. ಉಳಿದ ತೊಂಬತ್ತೆಂಟು ಮಂದಿ ಎದ್ದು ನಡೆದು ಮನೆಗೆ ಹೋಗುತ್ತಾರೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಈ ಭರವಸೆಯ ಹಿಂದೆ ಹಲವರ ದುಡಿಮೆ ಇದೆ. ಹೃದಯ ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರವನ್ನು ಅಮೆರಿಕದ ಜಾನ್ ಗಿಬ್ಬನ್ 1953ರಲ್ಲಿ ಯಶಸ್ವಿಯಾಗಿ ಬಳಸಿದರು. ಅಲ್ಲಿನ ಮೇಸನ್ ಸೋನ್ಸ್ 1958ರಲ್ಲಿ ಹೃದಯದ ನಾಳಗಳ ಚಿತ್ರ ತೆಗೆಯುವ ದಾರಿ ಕಂಡುಕೊಂಡರು. ಎದೆಗೂಡಿನ ಅಪಧಮನಿಯನ್ನು ಹೃದಯಕ್ಕೆ ಹೊಲಿಯುವ ಕೆಲಸವನ್ನು ಲೆನಿನ್‌ಗ್ರಾಡಿನಲ್ಲಿ ವಸಿಲಿ ಕೊಲೆಸೊವ್ 1964ರಲ್ಲಿ ಮಾಡಿ ತೋರಿಸಿದರು. 1967ರ ಮೇ 9ರಂದು ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ರಕ್ತನಾಳ ಬಳಸಿ ಬೈಪಾಸ್ ಮಾಡಿ, ಈ ಚಿಕಿತ್ಸೆ ಜಗತ್ತಿಗೆಲ್ಲ ಹರಡಲು ಕಾರಣರಾದವರು ರೆನೆ ಫಾವಲೋರೊ. ಭಾರತದಲ್ಲಿ ಮೊದಲ ಬೈಪಾಸನ್ನು 1975ರಲ್ಲಿ ಚೆನ್ನೈನಲ್ಲಿ ಡಾ. ಕೆ.ಎಂ. ಚೆರಿಯನ್ ಮಾಡಿದರು.

ಇವರಲ್ಲಿ ಫಾವಲೋರೊ ಅವರ ಕಥೆ ನಮ್ಮ ಹಳ್ಳಿಗಳಿಗೆ ತೀರಾ ಹತ್ತಿರದ್ದು. ಅರ್ಜೆಂಟೀನಾದ ಈ ವೈದ್ಯ ಕ್ಲೀವ್‌ಲ್ಯಾಂಡಿಗೆ ಹೋಗುವ ಮೊದಲು, 1950ರಿಂದ ಹನ್ನೆರಡು ವರ್ಷ, ಒಣ ಬಯಲಿನ ಹಸಿಂತೊ ಅರೌಸ್ ಎಂಬ ಪುಟ್ಟ ಊರಿನಲ್ಲಿ ಹಳ್ಳಿಯ ಡಾಕ್ಟರಾಗಿದ್ದರು. ತಮ್ಮನೂ ವೈದ್ಯನಾಗಿ ಜೊತೆಗೂಡಿದ. ಅಲ್ಲಿ ಅವರು ಸೂಲಗಿತ್ತಿಯರಿಗೆ, ದಾದಿಯರಿಗೆ, ಶಾಲೆಯ ಮೇಷ್ಟ್ರುಗಳಿಗೆ ಆರೋಗ್ಯದ ಪಾಠ ಹೇಳಿದರು. ಊರಿನ ಜನರನ್ನೇ ರಕ್ತದಾನಿಗಳಾಗಿ ಸಜ್ಜುಗೊಳಿಸಿದರು. ಕಾಯಿಲೆ ಬಂದವರಿಗೆ ಔಷಧ ಕೊಡುವುದರ ಜೊತೆಗೆ ಊರನ್ನೇ ಆರೋಗ್ಯಕ್ಕೆ ಸಿದ್ಧ ಮಾಡಬೇಕು ಎಂಬುದು ಅವರ ನಡೆಯಾಗಿತ್ತು. ಹೃದಯದ ಮೇಲೆ ಹೊಸ ನಾಳ ಹೊಲಿದ ಕೈ ಒಂದು ಹಳ್ಳಿಯಲ್ಲಿ ಪಳಗಿದ ಕೈ. ಅದೇ ಚಿಕಿತ್ಸೆ ಮುಗಿಸಿಕೊಂಡು ಹಳ್ಳಿಗೆ ಮರಳುವ ರೋಗಿಗೆ ಅಂಥ ಆರೈಕೆ ಸಿಗದಿದ್ದರೆ ಅದು ನಮ್ಮ ವ್ಯವಸ್ಥೆಯ ಕೊರತೆ.

ಖರ್ಚಿನ ವಿಷಯದಲ್ಲಿ ಕರ್ನಾಟಕ ನಿಜಕ್ಕೂ ಮುಂದೆ ಬಂದಿದೆ. ಬೆಂಗಳೂರಿನಲ್ಲಿ ಬೆಳೆದ ಸರ್ಕಾರಿ ಸ್ವಾಯತ್ತ ಸಂಸ್ಥೆ ಜಯದೇವ ಹೃದ್ರೋಗ ಆಸ್ಪತ್ರೆ ಈಗ ಮೈಸೂರು, ಕಲಬುರಗಿಗಳಲ್ಲೂ ಇದೆ. 2002ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಸಹಕಾರ ಸಂಘದ ಸದಸ್ಯ ರೈತರಿಗೆ ದೊಡ್ಡ ಆಪರೇಷನ್ನುಗಳ ಬಾಗಿಲು ತೆರೆಯಿತು. ನಡುವೆ ನಿಂತು ಮತ್ತೆ ಜಾರಿಗೆ ಬಂದಿದೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು ನೆರವು. ಯೋಜಿತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗೆ ಅದನ್ನೂ ಪಡೆದುಕೊಂಡು ಹೊರಟರೆ ಅಲೆದಾಟ ತಪ್ಪುತ್ತದೆ.

ಯೋಜನೆಯ ಲೆಕ್ಕಕ್ಕೆ ಬಾರದ ಖರ್ಚು ಬೇರೆಯೇ ಇದೆ. ಜೊತೆಗೆ ಹೋದವರ ಊಟ, ವಸತಿ, ಇಬ್ಬರ ಕೂಲಿ ನಷ್ಟ, ಮೂರು ತಿಂಗಳು ದುಡಿಮೆ ಇಲ್ಲದ ಮನೆ, ಪ್ರತಿ ಪರೀಕ್ಷೆಗೂ ಮೈಸೂರಿಗೆ ಹೋಗಿ ಬರುವ ಬಸ್ ಚಾರ್ಜು. ರೋಗಿ ‘ನಾನು ಈಗ ಚೆನ್ನಾಗಿದೀನಿ’ ಎಂದು ಮರುಪರೀಕ್ಷೆ ತಪ್ಪಿಸಲು ಶುರು ಮಾಡುವುದು ಈ ಲೆಕ್ಕದಿಂದ.

ಮನೆಗೆ ಬಂದ ಮೇಲಿನ ಮೊದಲ ಮೂರು ತಿಂಗಳು ಮೂಳೆ ಕೂಡುವ ಕಾಲ. ನೀರಿನ ಬಿಂದಿಗೆ ಎತ್ತುವುದು, ಮೂಟೆ ಹೊರುವುದು, ಕೊಡಲಿ ಬೀಸುವುದು, ಬೈಕ್ ಓಡಿಸುವುದು ಬೇಡ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಕಾದರೆ, ಎದೆಮೂಳೆ ಕಟಕಟ ಅಂದರೆ ಕಾಯದೆ ತೋರಿಸಬೇಕು. ನಡಿಗೆ ಮಾತ್ರ ಮೊದಲ ವಾರದಿಂದಲೇ ಬೇಕು. ಮನೆ ಮುಂದೆ ಐದು ನಿಮಿಷದಿಂದ ಶುರುವಾಗಿ ದಿನದಿನಕ್ಕೆ ಹೆಚ್ಚಬೇಕು. ಹೆಂಗಸರ ವಿಷಯದಲ್ಲಿ ಮನೆಯವರು ಇನ್ನಷ್ಟು ಎಚ್ಚರವಾಗಿರಬೇಕು. ಹದಿನೈದು ದಿನಕ್ಕೇ ಅವರನ್ನು ನೀರು, ಸೌದೆ, ಅಡುಗೆಗೆ ಹಚ್ಚುವ ಮನೆಗಳು ಕಡಿಮೆಯೇನಲ್ಲ.

‘ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗಬೌದಾ ಸಾ?’ ಎಂಬುದು ಈ ಸೀಮೆಯವರು ಕೇಳದೆ ಬಿಡದ ಪ್ರಶ್ನೆ. ಮೂಳೆ ಕೂಡಿ, ವೈದ್ಯರು ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ನೋಡಿ ಒಪ್ಪಿದ ಮೇಲೆ, ಅಭ್ಯಾಸ ಮಾಡಿಕೊಂಡು, ನಿಧಾನವಾಗಿ ಹತ್ತುವುದು ಅನೇಕರಿಗೆ ಸಾಧ್ಯ. ಉಪವಾಸವಿದ್ದು, ಮಾತ್ರೆ ಬಿಟ್ಟು, ಉರಿಬಿಸಿಲಿನಲ್ಲಿ ಹತ್ತುವುದು ಯಾರಿಗೂ ಬೇಡ. ಬೈಪಾಸಿನ ಉದ್ದೇಶವೇ ಮನುಷ್ಯ ತನ್ನ ಹೊಲಕ್ಕೆ, ತನ್ನ ದೇವರ ಬೆಟ್ಟಕ್ಕೆ ಮತ್ತೆ ಹೋಗುವಂತಾಗುವುದು.

ಆದರೆ ಕಾಯಿಲೆ ಹೋಗಿರುವುದಿಲ್ಲ. ಎದೆಗೂಡಿನ ಅಪಧಮನಿಯಿಂದ ಮಾಡಿದ ದಾರಿ ಹತ್ತು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನ ರಕ್ತನಾಳದಿಂದ ಮಾಡಿದ ದಾರಿಗಳಲ್ಲಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮುಚ್ಚಿಹೋಗಿರುತ್ತವೆ. ಅದನ್ನು ಮುಂದೂಡುವುದು ಆಸ್ಪಿರಿನ್, ಕೊಲೆಸ್ಟ್ರಾಲ್ ತಗ್ಗಿಸುವ ಸ್ಟಾಟಿನ್ ಮಾತ್ರೆ, ಬಿ.ಪಿ. ಮತ್ತು ಸಕ್ಕರೆಯ ಹತೋಟಿ. ಇವು ನೋವು ಹೋದ ಮೇಲೆ ಬಿಡುವ ಮಾತ್ರೆಗಳಲ್ಲ, ಬದುಕಿರುವವರೆಗೆ ಬೇಕು. ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಎಲೆಅಡಿಕೆಯ ಜೊತೆಗಿನ ಕಡ್ಡಿಪುಡಿಯೂ ತಂಬಾಕೇ ಎಂಬುದನ್ನು ಮರೆಯಬಾರದು. ರಾಗಿ, ಹುರುಳಿ, ಅವರೆ, ಬೆರಕೆ ಸೊಪ್ಪು ಹೃದಯಕ್ಕೆ ಒಳ್ಳೆಯವೇ. ಸಕ್ಕರೆ ಇರುವವರು ಮುದ್ದೆಯ ಗಾತ್ರ ನೋಡಿಕೊಳ್ಳಬೇಕು, ಎಲ್ಲರೂ ಉಪ್ಪು, ಕರಿದ ಎಣ್ಣೆ ಕಡಿಮೆ ಮಾಡಬೇಕು.

ಇದನ್ನೆಲ್ಲ ಡಿಸ್ಚಾರ್ಜ್ ದಿನ ಹತ್ತು ನಿಮಿಷದಲ್ಲಿ ಹೇಳಿ ಕಳಿಸಿದರೆ ಉಳಿಯುವುದಿಲ್ಲ. ಮನೆಗೆ ಬಂದು ನೆನಪಿಸುವವರು ಬೇಕು. ಅದರಿಂದ ಫಲವಿದೆ ಎಂಬುದಕ್ಕೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೇ ಪುರಾವೆ ಒದಗಿಸಿದ್ದಾರೆ. ಹೃದಯಾಘಾತವಾಗಿ ಮನೆಗೆ ಹೋದವರನ್ನು ತರಬೇತಾದ ಆರೋಗ್ಯ ಕಾರ್ಯಕರ್ತರು ಒಂದು ವರ್ಷ ವಿಚಾರಿಸಿಕೊಂಡಾಗ ಮಾತ್ರೆ ತಪ್ಪಿಸುವುದು ಕಡಿಮೆಯಾಯಿತು, ಬಿ.ಪಿ., ತೂಕ ಇಳಿದವು ಎಂದು 2016ರಲ್ಲಿ ಪ್ರಕಟವಾದ ‘ಸ್ಪ್ರೆಡ್’ ಅಧ್ಯಯನ ತೋರಿಸಿತು. ಈ ಕಾರ್ಯಕರ್ತರು ವೈದ್ಯರಾಗಿರಲಿಲ್ಲ. ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಸೋಲಿಗರ ನಡುವೆ ಕೆಲಸ ಮಾಡುತ್ತ ಬಂದಿದೆ. ಹನೂರಿನ ದಾರಿಯ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ ಹಳ್ಳಿಗಳ ಆರೋಗ್ಯದ ಕೆಲಸಕ್ಕೆ ಹೆಸರಾದದ್ದು. ಮನೆಬಾಗಿಲಿನ ಆರೈಕೆ ಈ ಸೀಮೆಗೆ ಹೊಸದಲ್ಲ.

2025ರ ಜೂನ್ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಕಿಕ್ಕಿರಿದರು. ಸಾವುಗಳು ಹಠಾತ್ತನೆ ಏರಿಲ್ಲ ಎಂದು ತಜ್ಞರ ಸಮಿತಿ ಆಮೇಲೆ ಹೇಳಿತು. ಆ ನೂಕುನುಗ್ಗಲು ಕಲಿಸಿದ್ದು ಒಂದು: ಬಿ.ಪಿ., ಸಕ್ಕರೆ, ಇ.ಸಿ.ಜಿ.ಯಂಥ ಮೊದಲ ತಪಾಸಣೆ ಊರಿನ ಹತ್ತಿರವೇ ನಿಯಮಿತವಾಗಿ ನಡೆಯುವಂತಾದರೆ ಜನ ಹೆದರಿ ಓಡಬೇಕಿಲ್ಲ.

ಹಾಗಾಗಿ ಕೇಳಬೇಕಾದದ್ದು ದೊಡ್ಡದೇನಲ್ಲ. ಬೈಪಾಸ್ ಮಾಡಿದ ಆಸ್ಪತ್ರೆ ರೋಗಿಯನ್ನು ಕಳಿಸುವ ದಿನವೇ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಾಹಿತಿ ಕಳಿಸಲಿ. ಬರೆದುಕೊಟ್ಟ ಮಾತ್ರೆಗಳು ಅಲ್ಲೇ ತಿಂಗಳು ತಿಂಗಳು ಉಚಿತವಾಗಿ ಸಿಗಲಿ. ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಅದಕ್ಕೆ ತಕ್ಕ ಸಂಭಾವನೆ ಕೊಟ್ಟು, ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಗಾಯ, ಬಿ.ಪಿ., ಮಾತ್ರೆ ನೋಡುವ ಏರ್ಪಾಡಾಗಲಿ. ತಿಂಗಳಿಗೊಮ್ಮೆ ಹನೂರಿನಲ್ಲೋ ರಾಮಾಪುರದಲ್ಲೋ ಹೃದ್ರೋಗ ತಜ್ಞರೊಬ್ಬರು ಸಿಗುವಂತಾದರೆ ಗಡಿಭಾಗದ ಎಷ್ಟೋ ಮನೆಗಳ ಮೈಸೂರು ಪ್ರಯಾಣ ತಪ್ಪುತ್ತದೆ. ಲಕ್ಷಗಟ್ಟಲೆ ರೂಪಾಯಿಯ ಆಪರೇಷನ್ನಿಗೆ ಹಣ ಕೊಡುವ ಸರ್ಕಾರಕ್ಕೆ ಇದು ಸಣ್ಣ ಖರ್ಚು, ಆ ಆಪರೇಷನ್ ವ್ಯರ್ಥವಾಗದಂತೆ ಕಾಯುವ ಖರ್ಚು. ಅಲ್ಲಿಯವರೆಗೆ ಬೈಪಾಸ್ ಆದವರ ಮನೆಯವರೇ ಒಂದು ಕೆಲಸ ಮಾಡಬಹುದು. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಪ್ರತಿಯೊಂದನ್ನು ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಿಗೆ ಕೊಟ್ಟು, ಇದರಲ್ಲಿರುವ ಯಾವ ಯಾವ ಮಾತ್ರೆ ಇಲ್ಲಿ ಸಿಗುತ್ತವೆ, ಸಿಗದಿರುವುದನ್ನು ಯಾವಾಗ ತರಿಸಿಕೊಡುತ್ತೀರಿ ಎಂದು ಕೇಳಿ.